ಡಚ್‌ನ ಉದ್ದುದ್ದ ಪದಗಳನ್ನು ಎಲ್ಲಿ ಮುರಿದು ಓದಬೇಕು?

ಪೊಲ್ಡರ್ ಪುಟ್ಟ:
ಎಲ್ಲರಿಗೂ ನಮಸ್ಕಾರ. ನೆದರ್ಲ್ಯಾಂಡ್ಸ್ ದೇಶದಲ್ಲಿದ್ದೇನೆ, ಇಲ್ಲಿನ ಡಚ್ ಭಾಷೆಯ ಎ2 ಮಟ್ಟದ (ಶುರುವಿನ ಹಂತದ) ಮಾತಿನ ಪರೀಕ್ಷೆಗೆ ಓದುತ್ತಿದ್ದೇನೆ. ವ್ಯಾಕರಣ ಹೇಗೋ ನಡೆದಿದೆ, ಕಷ್ಟ ಇರುವುದು ಜೋಡುಪದಗಳಲ್ಲಿ. ಎರಡು ಮೂರು ಪದ ಸಿಕ್ಕರೆ ಸಾಕು, ಇಲ್ಲಿನವರು ಜಾಗ ಬಿಡದೆ ಅಂಟಿಸಿಬಿಡುತ್ತಾರೆ. ಕೆಲಸ ಮಾಡೋಕೆ ಆಗದ ಸ್ಥಿತಿ ಬಂದರೆ ಕೈಹಿಡಿಯುವ ವಿಮೆಗೆ ಇವರ ಹೆಸರು ನೋಡಿ: ಅರ್‌ಬೈಟ್ಸ್‌ಒನ್‌ಖಸ್‌ಖಿಕ್ಟ್‌ಹೈಟ್ಸ್‌ವರ್‌ಜ಼ೇಕರಿಂಗ್. ಕಾಗದದ ಮೇಲೆ ಇದು ಒಂದೇ ಪದ!

ನನ್ನ ಪ್ರಶ್ನೆ ಎರಡು. ಎಲ್ಲಿ ಮುರಿಯಬೇಕು ಅನ್ನೋಕೆ ನಿಯಮ ಇದೆಯಾ? ಮುರಿದ ಜಾಗದಲ್ಲಿ ಸದ್ದು ಬದಲಾಗುತ್ತಾ? ಉದಾಹರಣೆಗೆ ರಾತ್ರಿ ಊಟ. 'ಆವಂಟ್' ಅಂದರೆ ಸಂಜೆ, ಬರೆಯುವಾಗ ಕೊನೆಯಲ್ಲಿ 'ಡಿ' ಅಕ್ಷರ. 'ಏಟನ್' ಅಂದರೆ ಊಟ. ನಮ್ಮ ಲೆಕ್ಕದಲ್ಲಿ ಸ್ವರ ಮುಂದೆ ಬಂದರೆ ವ್ಯಂಜನ ಅದಕ್ಕೆ ಹೋಗಿ ಕೂಡಿಕೊಳ್ಳಬೇಕು, 'ಆವಂಡೇಟನ್' ಆಗಬೇಕು. ಆದರೆ ಇವರು ಸ್ಪಷ್ಟವಾಗಿ 'ಆವಂಟ್-ಏಟನ್' ಅನ್ನುತ್ತಾರೆ. ಯಾಕೆ?

(ಗಂಟಲಿನಿಂದ ಬರುವ ಆ 'ಜಿ' ಮತ್ತು 'ಸಿಎಚ್' ಸದ್ದಿಗೆ ಇಲ್ಲಿ 'ಖ' ಬರೆಯುತ್ತಿದ್ದೇನೆ, ಹೊಂದಿಸಿಕೊಳ್ಳಿ.)

ಗಾಳಿಗಿರಣಿ:
ಪುಟ್ಟ ಅವರೇ, ಮೊದಲು ಹೊಲಿಗೆ ಹುಡುಕಿ. ಪದ ಮತ್ತು ಪದ ಸೇರಿದ ಜಾಗವನ್ನೇ ಹೊಲಿಗೆ ಅನ್ನುತ್ತಿದ್ದೇನೆ. ಡಚ್‌ನಲ್ಲಿ ಮೊದಲ ಕತ್ತರಿ ಅಲ್ಲೇ ಬೀಳಬೇಕು. ಆಮೇಲೆ ಒಂದೊಂದು ತುಂಡನ್ನೂ ಒಳಗೆ ಉಚ್ಚಾರಾಂಶಗಳಾಗಿ ಒಡೆಯಿರಿ. ಈ ಕ್ರಮ ತಿರುಗಿಸಿದರೆ ಅರ್ಥವೇ ಕೆಡುತ್ತೆ.

ಇಲ್ಲಿನವರು ತಮಾಷೆಗೆ ಹೇಳುವ ಕೆಲವು ಪದಗಳಿವೆ. 'ವಲ್-ಕೌಯ್ಲ್' ಅಂದರೆ ಯಾರಾದರೂ ಬೀಳಲಿ ಅಂತ ತೋಡಿದ ಗುಂಡಿ. ಅದೇ ಅಕ್ಷರಗಳನ್ನು 'ವಲ್ಕ್-ಔಯ್ಲ್' ಅಂತ ಮುರಿದರೆ ಗಿಡುಗ-ಗೂಬೆ. 'ಮಸಾ-ಖಬೆಟ್' ಸಾಮೂಹಿಕ ಪ್ರಾರ್ಥನೆ, 'ಮಸಾಝ-ಬೆಟ್' ಮಸಾಜ್ ಮಾಡುವ ಮಂಚ. ಬರೆಯುವಾಗ ಒಂದಕ್ಷರವೂ ವ್ಯತ್ಯಾಸ ಇಲ್ಲ. 'ಡೈ-ಕ್ರಂಪ್' ತೊಡೆಯ ಸೆಳೆತ, 'ಡೈಕ್-ರಂಪ್' ಅಂದರೆ ಕಡಲ ಏರಿ ಒಡೆದು ಆಗುವ ಅನಾಹುತ. ಇದು ಈ ದೇಶದಲ್ಲಿ ಬರೀ ತಮಾಷೆಯ ಮಾತಲ್ಲ. 1953ರ ಫೆಬ್ರವರಿ 1ರ ಬೆಳಗಿನ ಜಾವದ ಪ್ರವಾಹದಲ್ಲಿ ಇಲ್ಲಿ 1836 ಜನ ಸತ್ತರು. ಅದನ್ನು 'ವಾಟರ್ಸ್-ನೋಟ್-ರಂಪ್' ಅನ್ನುತ್ತಾರೆ. ಮೂರು ತುಂಡು, ಎರಡು ಹೊಲಿಗೆ.

ತುಂಡಿನ ಒಳಗಿನ ನಿಯಮ ಸುಲಭ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನ ಇದ್ದರೆ ಅದು ಬಲಗಡೆಗೆ ಹೋಗುತ್ತೆ. ಆಗ ಎಡಗಡೆ ಸ್ವರ ದೀರ್ಘ. ಎರಡು ವ್ಯಂಜನ ಇದ್ದರೆ ಸಾಮಾನ್ಯವಾಗಿ ಆಚೆಗೊಂದು ಈಚೆಗೊಂದು, ಆಗ ಸ್ವರ ಹ್ರಸ್ವ. ಒಂದೇ 'ಎಮ್' ಇದ್ದರೆ 'ಬೋಮನ್', ಮರಗಳು. ಎರಡು 'ಎಮ್' ಇದ್ದರೆ 'ಬೊಮನ್', ಬಾಂಬುಗಳು. ಒ-ಓ, ಎ-ಏ ನಮಗೆ ಹುಟ್ಟಿನಿಂದ ಬೇರೆ ಬೇರೆ. ನನ್ನ ಉತ್ತರ ಭಾರತದ ಗೆಳೆಯರು ಇಲ್ಲಿ ಒದ್ದಾಡುತ್ತಾರೆ, ಕನ್ನಡದವರಿಗೆ ಇದು ಪುಕ್ಕಟೆ ಸಿಕ್ಕ ಆಸ್ತಿ.

ಕುಡ್ಲ ಸೈಕಲ್:
ಆಸ್ತಿ ಇದ್ದ ಹಾಗೆ ಸಾಲವೂ ಉಂಟು ಮಾರಾಯ್ರೆ. ನಮಗೆ ಮಹಾಪ್ರಾಣದ ಕಾಟ!

ಇಂಗ್ಲಿಷ್ ಅಕ್ಷರದಲ್ಲಿ 'ಡಿ' ಪಕ್ಕ 'ಎಚ್' ಕಂಡರೆ ನಮ್ಮ ಕಣ್ಣು ತಾನಾಗಿಯೇ ಧ ಅಂತ ಓದುತ್ತದೆ. ಸುಧಾ, ರಾಧಾ, ಮಾಧವ ಅಂತ ಬರೆದೂ ಬರೆದೂ ಆದ ಅಭ್ಯಾಸ. ಅದಕ್ಕೇ ನಮ್ಮವರ ಬಾಯಲ್ಲಿ 'ಐಂಧೋವನ್'. ಊರಿನ ಹೆಸರು 'ಐಂಟ್-ಹೋವನ್'. ಪಕ್ಕದಲ್ಲಿ ಚಿಪ್ ಯಂತ್ರಗಳ ಕಂಪನಿ ಎಎಸ್‌ಎಂಎಲ್ ಇರುವ ಊರು 'ವೆಲ್ಟ್-ಹೋವನ್', ನಮ್ಮವರು ಹೇಳುವುದು 'ವೆಲ್ಧೋವನ್'. ಅಲ್ಲಿ ಎಷ್ಟು ಕನ್ನಡದವರಿದ್ದಾರೆ, ಆದರೂ ಯಾರೂ ತಿದ್ದಿಕೊಂಡಿಲ್ಲ.

ಆಮ್‌ಸ್ಟಲ್‌ವೇನ್ ಪಕ್ಕದ 'ಔಯ್ಟ್-ಹೋರ್ನ್' ನಮಗೆ 'ಉಯ್ಥೂರ್ನ್' ಆಗುತ್ತದೆ. ನಗರಸಭೆಯ ಆಡಳಿತ ನೋಡುವ 'ವೆಟ್-ಹೌಡರ್' ಪಾಪ 'ವೆಥೌಡರ್' ಆಗುತ್ತಾರೆ. ಎಲ್ಲಕ್ಕಿಂತ ದೊಡ್ಡದು ವಿಮಾನ ನಿಲ್ದಾಣ. ಅದು 'ಸ್ಖಿಪ್-ಹೊಲ್', ಒತ್ತು ಬೀಳುವುದು 'ಹೊಲ್' ಮೇಲೆ. ನಾವು 'ಪಿ' ಮತ್ತು 'ಎಚ್' ಸೇರಿಸಿ ಫ ಮಾಡಿ 'ಶಿಫೋಲ್' ಅಂತೇವೆ.

ನನ್ನ ಸೂತ್ರ ಒಂದೇ: ವ್ಯಂಜನ ಆದಮೇಲೆ 'ಎಚ್' ಕಂಡರೆ ಅಲ್ಲಿ ಹೊಲಿಗೆ ಇದೆ ಅಂತ ತಿಳಿಯಿರಿ. 'ಕೆರ್ಕ್-ಹೊಫ್', 'ಖಸ್ಟ್-ಹೌಯ್ಸ್', 'ಸ್ಟಟ್-ಹೌಯ್ಸ್'. 'ಸಿಎಚ್' ಜೋಡಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅದೇ ಬೇರೆ ಸದ್ದು.

ಪೊಲ್ಡರ್ ಪುಟ್ಟ:
ಹಾಗಾದರೆ ಮನೆಯಲ್ಲಿ ಇದ್ದೇನೆ ಅನ್ನೋಕೆ ಹೇಳುವ 'ತೌಯ್ಸ್'? ಅದರಲ್ಲೂ 'ಟಿ' ಪಕ್ಕ 'ಎಚ್' ಇದೆ.

ಕುಡ್ಲ ಸೈಕಲ್:
ಅದು ಹೊರತು. ಅಲ್ಲಿ 'ಎಚ್' ಬರೀ ಕಾಗದದ ಮೇಲೆ. ಚಹಾಕ್ಕೆ 'ತೇ' ಅನ್ನುವಾಗಲೂ ಹಾಗೇ. 'ಜ಼ಟ್‌ಫನ್' ಅಂತ ಊರೊಂದಿದೆ, ಅಲ್ಲಿ 'ಪಿಎಚ್' ನಿಜಕ್ಕೂ ಫ. ಊರ ಹೆಸರುಗಳನ್ನು ಪೂರ್ತಿ ನಂಬಬೇಡಿ. 'ಖೋರಿಂಖೆಮ್' ಅಂತ ಬರೆದು 'ಖೊರ್ಕಮ್' ಅಂತ ಕರೆಯುವ ಊರೂ ಇದೆ!

ಸಂಧಿಸಮಾಸ:
ಪುಟ್ಟ ಅವರ ಎರಡನೇ ಪ್ರಶ್ನೆ ಹಾಗೇ ಉಳಿಯಿತು. ನನಗೆ ಇಷ್ಟವಾದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ.

ಡಚ್‌ನಲ್ಲಿ ಪದದ ಕೊನೆಗೆ ಬ, ಡ ತರಹದ ಘೋಷ ವ್ಯಂಜನ ನಿಲ್ಲುವುದಿಲ್ಲ. ಬರೆಯುವುದು 'ಡಿ', ಕೇಳುವುದು ಟ್. ನಾಯಿ 'ಹೊಂಟ್', ನಾಯಿಗಳು 'ಹೊಂಡನ್'. ಬಹುವಚನದ 'ಅನ್' ಬರೀ ಪ್ರತ್ಯಯ. ಅದು ಬಂದಾಗ ಡ ಹಾರಿ ಅದರ ಜೊತೆ ಕೂತುಕೊಳ್ಳುತ್ತೆ, ಆದ್ದರಿಂದ ಉಳಿದುಕೊಳ್ಳುತ್ತೆ. ಜೋಡುಪದದಲ್ಲಿ ಹಾಗಿಲ್ಲ. ಎಡಗಡೆಯ ಪದ ಅಲ್ಲಿಗೆ ಮುಗಿಯಿತು ಅಂತಲೇ ಡಚ್ ಬಾಯಿ ಲೆಕ್ಕ ಹಾಕುತ್ತೆ. ಮುಂದೆ ಸ್ವರ ಇದ್ದರೂ ಡ ಅಲ್ಲಿಗೆ ದಾಟುವುದಿಲ್ಲ. ಅದಕ್ಕೇ 'ಆವಂಟ್-ಏಟನ್'. ಇನ್ನೊಂದು ಒಳ್ಳೆಯ ಜೋಡಿ: ಕೆಂಪು 'ರೋಟ್', ಅದಕ್ಕೆ ಪ್ರತ್ಯಯ ಸೇರಿದ ರೂಪ 'ರೋಡ'. ಆದರೆ ಕೆಂಪಗಿನಂಥದು ಅನ್ನುವಾಗ 'ರೋಟ್-ಅಖ್‌ತಖ್'. ಆ 'ಅಖ್‌ತಖ್' ಪ್ರತ್ಯಯವೇ, ಆದರೂ ಸ್ವಂತ ಪದದ ಹಾಗೆ ದೂರ ನಿಲ್ಲುತ್ತೆ.

ಈಗ ಮಜಾ ನೋಡಿ. ಹೊಲಿಗೆಯ ಬಲಗಡೆ ಬ ಅಥವಾ ಡ ಇದ್ದರೆ ಎಡಗಡೆಯ ಕ್, ಟ್, ಪ್ ತಿರುಗಿ ಘೋಷವಾಗುತ್ತೆ. 'ಜ಼ಕ್' ಅಂದರೆ ಜೇಬು, 'ಡುಕ್' ಅಂದರೆ ಬಟ್ಟೆ. ಎರಡೂ ಸೇರಿ ಕರವಸ್ತ್ರ. ಅದನ್ನು 'ಜ಼ಗ್‌ಡುಕ್' ಅನ್ನುತ್ತಾರೆ. ನಮ್ಮ ಜಶ್ತ್ವ ಸಂಧಿಯ ವಾಕ್ + ದಾನ = ವಾಗ್ದಾನ ನೆನಪಾಯಿತಾ? ಅದೇ ಕ್, ಅದೇ ದಂತ್ಯದ ಜಾತಿಯ ಸದ್ದು ಮುಂದೆ, ಅದೇ ಗ್. ಕಾಲ್ಚೆಂಡು 'ವುಟ್' + 'ಬಲ್', ಬಾಯಲ್ಲಿ 'ವುಡ್‌ಬಲ್'. ವ್ಯತ್ಯಾಸ ಕಾಣುವುದು ಸ್ವರದ ಮುಂದೆ. ಸಂಸ್ಕೃತದಲ್ಲಿ ವಾಕ್ + ಈಶ ವಾಗೀಶ ಆಗುತ್ತೆ, ಡಚ್‌ನಲ್ಲಿ ಅಂಥದು ಆಗಲ್ಲ.

ಉಜ್ಜುತ್ತಾ ಬರುವ ಸದ್ದುಗಳದ್ದು ಉಲ್ಟಾ ದಾರಿ. ಬಲಗಡೆ ಜ಼ ಅಥವಾ ವ ಇದ್ದರೆ ಎಡಗಡೆಯ ಅಘೋಷ (ಪ್, ಫ್ ತರಹದ ಸದ್ದು) ಅದನ್ನು ತನ್ನ ಕಡೆ ಎಳೆದುಕೊಳ್ಳುತ್ತೆ. ವ್ಯಾಕ್ಯೂಮ್ ಕ್ಲೀನರ್ 'ಸ್ಟೊಫ್' + 'ಜ಼ೌಯ್ಖರ್', ಕೇಳುವುದು 'ಸ್ಟೊಫ್‌ಸೌಯ್ಖರ್'. ಕಣ್ಣಿಗೆ ಬೀಳುವುದು ಅನ್ನೋಕೆ 'ಒಪ್' + 'ವಲನ್', ಕೇಳುವುದು 'ಒಪ್‌ಫಲನ್'.

ಧಾರವಾಡ ಪೇಢೆ:
ಇಷ್ಟೆಲ್ಲ ಸೂತ್ರ ಯಾಕ್ರೀ? ಪರೀಕ್ಷೆ ಇರೋದು ಮಾತಾಡೋಕೆ. 'ಜ಼ಕ್‌ಡುಕ್' ಅಂತ ನಾಲ್ಕು ಸಲ ಜೋರಾಗಿ ಅನ್ರಿ, ಐದನೇ ಸಲ ತಾನೇ 'ಜ಼ಗ್‌ಡುಕ್' ಆಗತದ. ನಾಲಿಗೆಗೆ ವ್ಯಾಕರಣ ಗೊತ್ತದ. ರೇಡಿಯೋ ಹಾಕ್ಕೊಂಡು ಅಡಿಗಿ ಮಾಡ್ರಿ, ಸಾಕು.

ಸಂಧಿಸಮಾಸ:
ಪೇಢೆಯವರೇ, ಜ಼ಗ್‌ಡುಕ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ಪರೀಕ್ಷೆಯ ಹೆಸರೇ 'ಇನ್-ಬರ್ಖರಿಂಗ್' (ಇಲ್ಲಿನ ಸಮಾಜದಲ್ಲಿ ಬೆರೆಯುವುದು ಅಂತ), ಎಲ್ಲರ ಬಾಯಲ್ಲೂ 'ಇಂಬರ್ಖರಿಂಗ್' ಆಗುತ್ತೆ. ನಮ್ಮ ಸೊನ್ನೆಯೇ ಆ ಕೆಲಸ ಮಾಡುತ್ತೆ, ಯಾರೂ ಕಲಿಸಬೇಕಿಲ್ಲ. ಆದರೆ ನಾಲಿಗೆಗೆ ಗೊತ್ತಿರುವುದು ಕನ್ನಡದ ವ್ಯಾಕರಣ. ಎರಡೂ ಭಾಷೆ ಒಂದೇ ದಾರಿ ಹಿಡಿದಾಗ ಅದು ಕೈಕೊಡಲ್ಲ. ಬೇರೆ ದಾರಿ ಹಿಡಿದಾಗ ಅದೇ ನಾಲಿಗೆ 'ಐಂಧೋವನ್' ಅನ್ನುತ್ತೆ. ಹತ್ತು ವರ್ಷ ರೇಡಿಯೋ ಕೇಳಿದವರೂ ಹಾಗೆ ಅನ್ನೋದನ್ನು ಕೇಳಿದ್ದೇನೆ.

ಆ ಸೊನ್ನೆಯಲ್ಲೂ ಒಂದು ಅಪಾಯ ಇದೆ. ಭೇಟಿಯಾಗಿ ಖುಷಿಯಾಯಿತು ಅನ್ನೋಕೆ ಹೇಳುವ ಪದ 'ಆನ್-ಖನಾಮ್'. ಬರಹದಲ್ಲಿ 'ಎನ್', 'ಜಿ' ಅಕ್ಕಪಕ್ಕ ಇವೆ ಅಂತ 'ಆಂಗನಾಮ್' ಅನ್ನಬೇಡಿ. ಆ ಖ ಕೇಳಲೇಬೇಕು. ಹಾಡುವುದು ಅನ್ನುವ 'ಜ಼ಿಙನ್' ಪದದಲ್ಲಿ ಮಾತ್ರ ಅದೇ ಎರಡು ಅಕ್ಷರ ಸೇರಿ ಒಂದೇ ಸದ್ದು, ನಮ್ಮ ಙ. ಒಂದರಲ್ಲಿ ಹೊಲಿಗೆ ಇದೆ, ಇನ್ನೊಂದರಲ್ಲಿ ಇಲ್ಲ.

ಧಾರವಾಡ ಪೇಢೆ:
ಙ ಅಕ್ಷರಕ್ಕ ಕಡೀಗೂ ಒಂದು ಕೆಲಸ ಸಿಕ್ತು ನೋಡ್ರಿ. ಆದರೂ ನಾ ಮಾತ್ರ ರೇಡಿಯೋ ಪಕ್ಷ.

ಆಮ್‌ಸ್ಟಲ್ ಅಮ್ಮ:
ನನ್ನ ಮಗಳು ಇಲ್ಲಿನ ಶಾಲೆಯಲ್ಲಿ ಖ್ರುಪ್ 4, ಅಂದರೆ ಏಳೆಂಟು ವರ್ಷದವರ ತರಗತಿ. ಅಲ್ಲಿ ಮಕ್ಕಳಿಗೆ ಎರಡು ಬೇರೆ ಬೇರೆ ತುಂಡು ಕಲಿಸುತ್ತಾರೆ. ಕಿವಿಗೆ ಕೇಳುವ ತುಂಡು 'ಕ್ಲಂಕ್‌ಖ್ರುಪ್'. ಬರೆಯುವಾಗ ಸಾಲಿನ ಕೊನೆಯಲ್ಲಿ ಒಡೆಯುವ ತುಂಡು 'ಲೆಟರ್‌ಖ್ರೇಪ್'. ದೊಡ್ಡವರ ಪುಸ್ತಕಗಳು ಇವೆರಡನ್ನೂ ಕಲಸಿಬಿಡುತ್ತವೆ ಅಂತ ನನಗೆ ಅನ್ನಿಸುತ್ತೆ.

ಬೇಕರಿಯವನಿಗೆ 'ಬಕರ್', ಬರಹದಲ್ಲಿ ಎರಡು 'ಕೆ'. ಕಾಗದದಲ್ಲಿ ಎರಡು 'ಕೆ' ನಡುವೆ ಮುರಿಯಬೇಕು. ಆದರೆ ಮಕ್ಕಳು ಚಪ್ಪಾಳೆ ತಟ್ಟುವಾಗ 'ಬ-ಕರ್' ಅನ್ನುತ್ತಾರೆ. ಬಾಯಲ್ಲಿ ಒಂದೇ ಕ. ತುಂಡು ಗಿಡ್ಡ ಸ್ವರದಲ್ಲಿ ಮುಗಿಯಿತು, ಹಾಗಾಗಿ ಬರೆಯುವಾಗ ವ್ಯಂಜನ ಎರಡು ಸಲ ಬರೆ, ಇದು ಅವರು ಕಲಿಯುವ ನಿಯಮ.

ನಾವು ಇದನ್ನು ನೋಡಿ 'ಬಕ್ಕರ್' ಅನ್ನುತ್ತೇವೆ. ಅಕ್ಕ, ಅಣ್ಣ, ಅಪ್ಪ ಅಂತ ಬೆಳೆದವರಲ್ವಾ! ನಮ್ಮಲ್ಲಿ ದ್ವಿತ್ವ ಅಂದರೆ ನಿಜವಾಗಿಯೂ ಒತ್ತಿ ಹೇಳಬೇಕು. ಇಲ್ಲಿ ಅದು ಹಿಂದಿನ ಸ್ವರ ಗಿಡ್ಡ ಅನ್ನುವ ಗುರುತು ಅಷ್ಟೇ. ಮಗಳು ನನ್ನನ್ನು ದಿನಾ ತಿದ್ದುತ್ತಾಳೆ, ನಾನು ಅವಳ ಕನ್ನಡ ತಿದ್ದುತ್ತೇನೆ. ಅವಳ ಬಾಯಲ್ಲಿ ಅಕ್ಕ 'ಅಕ' ಆಗುತ್ತೆ.

ಪೊಲ್ಡರ್ ಪುಟ್ಟ:
ಅಮ್ಮಾ, ಇದು ಬಹಳ ಉಪಯೋಗ ಆಯ್ತು. ಹೊಲಿಗೆಯಲ್ಲೇ ಎರಡು ಒಂದೇ ವ್ಯಂಜನ ಬಂದರೆ? 'ಬೊಮ್-ಮೆಲ್ಡಿಂಗ್', ಬಾಂಬ್ ಇದೆ ಅನ್ನುವ ಸುದ್ದಿ. ಅಲ್ಲೂ ಒಂದೇ ಮ?

ಗಾಳಿಗಿರಣಿ:
ಮಾತಿನ ವೇಗದಲ್ಲಿ ಒಂದೇ. ನಿಧಾನಕ್ಕೆ ಹೇಳಿದರೆ ಮ್ ಸ್ವಲ್ಪ ಎಳೆದ ಹಾಗೆ ಕೇಳಬಹುದು. ಇಲ್ಲಿ ಗಮನ ಕೊಡಬೇಕಾದದ್ದು ನಂತರದ ಸ್ವರ. 'ಮೆಲ್ಡಿಂಗ್' ಸ್ವಂತ ಪದ, ಅದರ ಎ ಪೂರ್ತಿ ಎ. ಯಾರಾದರೂ 'ಬೊಮಲ್-ಡಿಂಗ್' ಅಂತ ಮುರಿದರೆ ಆ ಎ ಸೊರಗಿ ಅರ್ಧ ಅ ಆಗಿಬಿಡುತ್ತೆ. ಹೊಲಿಗೆ ತಪ್ಪಿದ್ದು ಕೇಳುವವರಿಗೆ ಅಲ್ಲೇ ಗೊತ್ತಾಗುವುದು.

ಈ ಸೊರಗಿದ ಸ್ವರ ಪದದ ಆರಂಭದಲ್ಲೂ ಕಾಡುತ್ತೆ. ಕಂಪನಿಗೆ 'ಬ-ಡ್ರೈಫ್'. ಹೊಸಬರು ಅದರಲ್ಲಿ ಮಂಚ ಕಂಡು 'ಬೆಡ್-ರೈಫ್' ಅನ್ನುತ್ತಾರೆ. ಬ, ಖ, ವರ್ ಇವು ಪೂರ್ವಪ್ರತ್ಯಯ ಆಗಿರುವ ಸಾಧ್ಯತೆ ಜಾಸ್ತಿ. ಮೊದಲು ಹಾಗೆ ಮುರಿದು ನೋಡಿ, ಉಳಿದದ್ದು ಪದವಾಗಿ ಕಾಣದಿದ್ದರೆ ಆಮೇಲೆ ಬೇರೆ ಯೋಚಿಸಿ.

ಲೋವನ್ ವಾಸಿ:
ಬೆಲ್ಜಿಯಂ ಕಡೆಯಿಂದ ಒಂದು ಮಾತು. ನಮ್ಮಲ್ಲಿ ಖ ಮೆತ್ತಗೆ. ನಿಮ್ಮ ದಕ್ಷಿಣದ ಬ್ರಾಬಂಟ್, ಲಿಂಬರ್ಖ್ ಪ್ರಾಂತ್ಯಗಳ ಕಡೆಯೂ ಹಾಗೇ ಅಲ್ವಾ? ಆದರೆ ಹೊಲಿಗೆಯ ನಿಯಮ ಎರಡೂ ದೇಶಕ್ಕೆ ಒಂದೇ. ಕಾಗುಣಿತ ನೋಡಿಕೊಳ್ಳುವ ತಾಲ್‌ಯೂನಿ ಸಂಸ್ಥೆಯನ್ನು 1980ರಲ್ಲಿ ಎರಡೂ ದೇಶ ಸೇರಿ ಕಟ್ಟಿದವು.

ಅಮ್ಮ ಹೇಳಿದ ಎರಡು ತುಂಡಿಗೆ ನನ್ನದೊಂದು ಉದಾಹರಣೆ. ಯಾಕೆ ಅನ್ನುವ ಪದ ಕಾಗದದ ಮೇಲೆ 'ವಾರ್-ಒಮ್', ಯಾಕೆಂದರೆ ಅದು ಎರಡು ಪದ ಸೇರಿ ಆದದ್ದು. ಬಾಯಲ್ಲಿ ಎಲ್ಲರೂ 'ವಾ-ರೊಮ್' ಅನ್ನುತ್ತಾರೆ. ಬಹಳ ಹಳೆಯ, ದಿನಬಳಕೆಯ ಜೋಡುಪದಗಳಲ್ಲಿ ಹೊಲಿಗೆ ಸವೆದುಹೋಗುತ್ತೆ.

ಪೊಲ್ಡರ್ ಪುಟ್ಟ:
ನಡುವೆ ತೂರಿಕೊಳ್ಳುವ 'ಎನ್', 'ಎಸ್' ಯಾವ ಕಡೆಗೆ ಸೇರುತ್ತವೆ? ಪ್ಯಾನ್‌ಕೇಕ್‌ಗೆ 'ಪನಕುಕ್' ಅಂತ ಕೇಳುತ್ತೆ, ಬರೆಯುವಾಗ ನಡುವೆ 'ಎನ್' ಇದೆ.

ಸಂಧಿಸಮಾಸ:
ನಡುವೆ ಅಂಟಿನ ಹಾಗೆ ಬರುವ ಅಕ್ಷರ ಯಾವಾಗಲೂ ಎಡಗಡೆಗೆ. ಆ 'ಎನ್' ಬಂದದ್ದು 1995ರ ಕಾಗುಣಿತ ಸುಧಾರಣೆಯಲ್ಲಿ. ಅದಕ್ಕೆ ಮುಂಚೆ 'ಎನ್' ಇಲ್ಲದೆಯೇ ಬರೆಯುತ್ತಿದ್ದರು. ಎಡಗಡೆಯ ಪದಕ್ಕೆ 'ಅನ್' ಬಹುವಚನ ಮಾತ್ರ ಇದ್ದರೆ ನಡುವೆ 'ಎನ್' ಬರೆಯಬೇಕು ಅನ್ನುವುದು ಹೊಸ ನಿಯಮದ ತಿರುಳು. ಅದಕ್ಕೆ ಅಪವಾದಗಳು, ಆ ಅಪವಾದಗಳ ಮೇಲೆ ಜಗಳ. ಡ್ಯಾಂಡೆಲಿಯನ್ ಹೂವಿನ ಹೆಸರಿಗೆ 1995ರಲ್ಲಿ 'ಎನ್' ಬೇಡ ಅಂದರು, 2005ರಲ್ಲಿ ಬೇಕು ಅಂದರು. ಸೂರ್ಯ ಒಬ್ಬನೇ ಆದ್ದರಿಂದ ಬಿಸಿಲಿನ ಪದ 'ಜ಼ೊನ-ಸ್ಖೈನ್' ನಡುವೆ ಇವತ್ತಿಗೂ 'ಎನ್' ಇಲ್ಲ. ಇದು ನನ್ನ ಮಟ್ಟಿಗೆ ಅತಿಯಾದ ಬುದ್ಧಿವಂತಿಕೆ! ನೀವು ತಲೆಕೆಡಿಸಿಕೊಳ್ಳಬೇಡಿ. ದೇಶದ ಹೆಚ್ಚಿನ ಕಡೆ ಆ 'ಎನ್' ಕೇಳುವುದೇ ಇಲ್ಲ. ಖ್ರೋನಿಂಖನ್, ಟ್ವೆಂಟೆ ಕಡೆ ಹೋದರೆ ಮಾತ್ರ ನ್ ಉಳಿಸಿಕೊಂಡು ಅದರ ಹಿಂದಿನ ಸ್ವರವನ್ನೇ ನುಂಗುತ್ತಾರೆ.

'ಎಸ್' ಮಾತ್ರ ಕಿವಿಗೆ ಕೇಳಿದರೆ ಬರೆಯಬೇಕು. ಬಲಗಡೆಯ ಪದವೇ ಸ್‌ನಿಂದ ಶುರುವಾದರೆ ಕೇಳೋದು ಹೇಗೆ? ಬೇರೆ ಪದ ಹಾಕಿ ನೋಡುವುದು. 'ಸ್ಟಶೊನ್ಸ್-ವೆಖ್' ಅನ್ನುವಾಗ ಸ್ ಕೇಳುತ್ತೆ, ಆದ್ದರಿಂದ ನಿಲ್ದಾಣದ ಬೀದಿ 'ಸ್ಟಶೊನ್ಸ್-ಸ್ಟ್ರಾಟ್' ಬರೆಯುವಾಗ ಎರಡು 'ಎಸ್'.

ಆಮ್‌ಸ್ಟಲ್ ಅಮ್ಮ:
ಒತ್ತಿನ ಬಗ್ಗೆ, ಅಂದರೆ ಯಾವ ತುಂಡನ್ನು ಜೋರಾಗಿ ಹೇಳಬೇಕು ಅನ್ನುವ ಬಗ್ಗೆ, ಯಾರೂ ಹೆಚ್ಚು ಹೇಳಲಿಲ್ಲ. ನಾಮಪದ ಜೋಡಿದರೆ ಸಾಮಾನ್ಯವಾಗಿ ಮೊದಲ ತುಂಡಿಗೆ ಒತ್ತು: ವುಡ್‌ಬಲ್‌ನಲ್ಲಿ 'ವುಡ್' ಜೋರು. ಆದರೆ 'ಸ್ಟಟ್-ಹೌಯ್ಸ್' ಅನ್ನುವಾಗ ಎರಡನೆಯದು. ಅಮ್‌ಸ್ಟರ್‌ಡಮ್, ರೊಟರ್‌ಡಮ್ ಎರಡರಲ್ಲೂ ಕೊನೆಯ 'ಡಮ್' ಜೋರು, ಐಂಟ್‌ಹೋವನ್‌ನಲ್ಲಿ ಮೊದಲನೆಯದು. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗಲ್ಲ, ಅದಕ್ಕೇ ನಮ್ಮ ಕಿವಿ ಅದನ್ನು ಹಿಡಿಯುವುದಿಲ್ಲ. ಇಲ್ಲಿ 'ವೋರ್‌ಕೋಮನ್' ಪದದ ಮೊದಲ ತುಂಡಿಗೆ ಒತ್ತು ಕೊಟ್ಟರೆ ಆಗಾಗ ಆಗುವುದು ಅಂತ, ಎರಡನೆಯದಕ್ಕೆ ಕೊಟ್ಟರೆ ಆಗದಂತೆ ತಡೆಯುವುದು ಅಂತ. ಡಾಕ್ಟರ ಹತ್ತಿರ ಹೇಳುವಾಗ ಹುಷಾರು.

ಕುಡ್ಲ ಸೈಕಲ್:
ಟಿಪ್ಪಣಿ ಪುಸ್ತಕದಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವವರಿಗೆ ಒಂದು ಉಪಾಯ. ಹೊಲಿಗೆ ಇರುವಲ್ಲಿ ಒತ್ತಕ್ಷರ ಹಾಕಬೇಡಿ, ಅರ್ಧಾಕ್ಷರ ಬಿಟ್ಟು ಮುಂದೆ ಹೋಗಿ. ನಾವು 'ರಾಜ್ಕುಮಾರ್' ಅಂತ ಬರೆಯುತ್ತೇವಾ? 'ರಾಜ್‌ಕುಮಾರ್' ಅಂತಲೇ ಅಲ್ವಾ? ಹಾಗೇ 'ಫೇಸ್‌ಬುಕ್'. ಫೋನಿನ ಕೀಲಿಮಣೆಯಲ್ಲೂ ಅದಕ್ಕೆ ದಾರಿ ಇದೆ. ಒಂದೇ ತುಂಡಿನ ಒಳಗೆ ಮಾತ್ರ ಒತ್ತಕ್ಷರ: 'ಸ್ಖಿಪ್‌ಹೊಲ್' ಅನ್ನುವಲ್ಲಿ 'ಸ್ಖಿ' ಕೂಡಿದೆ, 'ಪ್' ಮತ್ತು 'ಹೊ' ಬೇರೆ. ನೋಡಿದ ಕೂಡಲೇ ಎಲ್ಲಿ ಮುರಿಯಬೇಕು ಅಂತ ಕಾಣುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಈ ಸೌಲಭ್ಯ ಇಲ್ಲ.

ಪೊಲ್ಡರ್ ಪುಟ್ಟ:
ಇದು ಸೂಪರ್. ಇನ್ನೊಂದೇ ಅನುಮಾನ. ಹೊಲಿಗೆಯ ಎರಡೂ ಕಡೆ ಸ್ವರ ಇದ್ದರೆ? ಸಮುದ್ರದ ಬಾತುಕೋಳಿ 'ಜ಼ೇ' + 'ಏಂಟ್'. ನಾನು 'ಜ಼ೇಯೇಂಟ್' ಅಂದರೆ ಸರಿಯಾ?

ಸಂಧಿಸಮಾಸ:
ಅದು ನಮ್ಮ ಯಕಾರಾಗಮ. ಮನೆ + ಅಲ್ಲಿ, ಮನೆಯಲ್ಲಿ. ಡಚ್‌ನವರು ಅಲ್ಲಿ ಗಂಟಲನ್ನು ಒಂದು ಕ್ಷಣ ಹಿಡಿದು ಬಿಡುತ್ತಾರೆ: 'ಜ಼ೇ', ಚಿಕ್ಕ ತಡೆ, 'ಏಂಟ್'. ಬರಹದಲ್ಲೂ ಸಹಾಯ ಇದೆ. ಜೋಡುಪದದಲ್ಲಿ ಸ್ವರಗಳು ಡಿಕ್ಕಿ ಹೊಡೆದರೆ ನಡುವೆ ಅಡ್ಡಗೆರೆ ಹಾಕುತ್ತಾರೆ. ಜೋಡುಪದ ಅಲ್ಲದಿದ್ದರೆ, ಉದಾಹರಣೆಗೆ ಬಹುವಚನ 'ಜ಼ೇ-ಅನ್', ಕೊನೆಯ 'ಇ' ತಲೆಯ ಮೇಲೆ ಎರಡು ಚುಕ್ಕಿ. ಆ ಪದ ಸಾಲಿನ ಕೊನೆಯಲ್ಲಿ ಮುರಿದರೆ ಚುಕ್ಕಿ ಬಿದ್ದುಹೋಗುತ್ತೆ.

ವಾನ್ ಡಾಲ ನಿಘಂಟಿನಲ್ಲಿರುವ ಒಂದು ಉದ್ದನೆಯ ಪದ ಕೊಡುತ್ತೇನೆ, ಬಿಡಿಸಿ: ಮೇರ್‌ವೌಡಖಪೆರ್‌ಸೋನ್‌ಲಕ್‌ಹೈಟ್ಸ್‌ಸ್ಟೋರ್‌ನಿಸ್. ಒಂದೇ ಮನುಷ್ಯನೊಳಗೆ ಹಲವು ವ್ಯಕ್ತಿತ್ವ ಇರುವ ಕಾಯಿಲೆ. ಡಚ್‌ನಲ್ಲಿ 35 ಅಕ್ಷರ.

ಪೊಲ್ಡರ್ ಪುಟ್ಟ:
'ಮೇರ್‌ವೌಡಖ', 'ಪೆರ್‌ಸೋನ್‌ಲಕ್‌ಹೈಟ್ಸ್', 'ಸ್ಟೋರ್‌ನಿಸ್'. ಅಂಟಿನ 'ಎಸ್' ಎಡಗಡೆಗೆ. 'ಲಕ್‌ಹೈಟ್' ಅನ್ನುವಲ್ಲಿ ಕ್ ಮತ್ತು ಹ ಸೇರಿಸಿ ಖ ಮಾಡಬಾರದು!

ಸಂಧಿಸಮಾಸ:
ಪಾಸು.

ಧಾರವಾಡ ಪೇಢೆ:
ಆ ಕಾಯಿಲಿ ಪರೀಕ್ಷೆದಾಗ ಬರೂದಿಲ್ಲರಿ. ಆಸ್ಪತ್ರೆ ಬಾಗಿಲದಾಗ ಬರೆದದ್ದು ಓದೋಕೆ ಬಂದರ ಸಾಕು. 'ಮುಖ್ಯ ದ್ವಾರ' ಅನ್ರಿ ನೋಡೂಣು.

ಪೊಲ್ಡರ್ ಪುಟ್ಟ:
'ಹೋಫ್ಟ್' + 'ಇನ್‌ಖಙ್'. ಡ ಅಲ್ಲ ಟ್, ಮುಂದೆ ಸ್ವರ ಇದ್ದರೂ ದಾಟುವುದಿಲ್ಲ. ಮೊದಲ 'ಎನ್‌ಜಿ' ನಡುವೆ ಹೊಲಿಗೆ ಇದೆ, ಕೊನೆಯ 'ಎನ್‌ಜಿ' ಒಂದೇ ಸದ್ದು. ಒತ್ತು 'ಹೋಫ್ಟ್' ಮೇಲೆ. ಸರಿಯಾ?

ಧಾರವಾಡ ಪೇಢೆ:
ಸರಿ ಅದ. ಆದರ ಇಷ್ಟು ಹೊತ್ತು ಬಾಗಿಲದಾಗ ನಿಂತು ಲೆಕ್ಕ ಹಾಕಿದರ ಹಿಂದಿನವರು ಬೈತಾರ.